ಕುಂಟು ನಿಂತಿತು ಅಂತ ಬಿಟ್ಟೆ, ಮತ್ತೆ ಕಾಲು ಎತ್ತಿದಳು: ಓಡುವ ನಾಯಿಗಳ ಮಂಡಿ, ಕೀಲು ಬಗ್ಗೆ ತಿಳಿದವರು ಹೇಳಿ

ಸಕಲೇಶಪುರ ತೋಟದ ಮನೆ (ಫೆಬ್ರವರಿ 11, ರಾತ್ರಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮಿಂಚು ಮುಧೋಳ ನಾಯಿ, ಹೆಣ್ಣು, ನಾಲ್ಕು ವರ್ಷ, 22 ಕೆಜಿ. ಹೋದ ವರ್ಷ ಊರ ಹಬ್ಬದ ನಾಯಿ ಓಟದಲ್ಲಿ ಎರಡನೇ ಸ್ಥಾನ ಬಂದಿತ್ತು. ಆಮೇಲಿಂದ ನನ್ನ ಮಗ ದಿನಾ ಬೆಳಿಗ್ಗೆ ಕಾಫಿ ಕಣದಿಂದ ಗೇಟಿನವರೆಗೆ ಅವಳನ್ನು ಓಡಿಸುತ್ತಿದ್ದ.

ಜನವರಿ ಎರಡನೇ ವಾರ, ಕೊಯ್ಲು ಮುಗಿಯುತ್ತಾ ಬಂದಿತ್ತು. ಹಂದಿ ವಾಸನೆ ಹಿಡಿದು ತೋಟದೊಳಗೆ ನುಗ್ಗಿದಳು. ಸಾಲುಗಳ ನಡುವೆ ಮಳೆನೀರು ಇಂಗಲಿ ಅಂತ ತೊಟ್ಟಿಲು ಗುಂಡಿ ತೆಗೆಸಿದ್ದೇವೆ, ಆ ಕಾಲದಲ್ಲಿ ತರಗೆಲೆ ತುಂಬಿ ಗುಂಡಿ ಎಲ್ಲಿದೆ ಅಂತ ನಮಗೇ ಕಾಣುವುದಿಲ್ಲ. ಒಂದೇ ಸಲ ಕಿರುಚಿದ್ದು ಕೇಳಿಸಿತು. ಹೋಗಿ ನೋಡಿದರೆ ಎಡ ಹಿಂಗಾಲು ಎತ್ತಿಕೊಂಡು ನಿಂತಿದ್ದಳು, ಉಗುರಿನ ತುದಿಯೂ ನೆಲಕ್ಕೆ ತಾಗುತ್ತಿರಲಿಲ್ಲ.

ಆಗ ನಾನು ತಪ್ಪು ಮಾಡಿದೆ. ಒಂದು ಔಷಧಿ ಅಂಗಡಿಯಲ್ಲಿ ಕೇಳಿದೆ, ಮನುಷ್ಯರ ನೋವಿನ ಮಾತ್ರೆ ಅರ್ಧ ಕೊಡಿ ಅಂದರು, ಕೊಟ್ಟೆ. ಎರಡೇ ದಿನಕ್ಕೆ ವಾಂತಿ, ಮಲ ಕಪ್ಪಗೆ. ನಿಲ್ಲಿಸಿದೆ. ಹತ್ತು ದಿನ ಕಟ್ಟಿಹಾಕಿದ ಮೇಲೆ ಕುಂಟು ಹೋಯಿತು, ಗುಣವಾಯಿತು ಅಂದುಕೊಂಡು ಬಿಟ್ಟೆವು. ಮೊನ್ನೆ ಭಾನುವಾರ ಗೇಟಿನವರೆಗೆ ಒಂದು ಸುತ್ತು ಓಡಿದಳು ಅಷ್ಟೇ, ಸಂಜೆಗೆ ಅದೇ ಕಾಲು ಮೇಲೆ. ಎಕ್ಸ್‌ರೇ ತೆಗೆಸಿದೆವು, ಮೂಳೆ ಮುರಿದಿಲ್ಲ, ಉಳುಕು ಇರಬೇಕು ಅಂದರು. ಉಳುಕು ಅಂದರೆ ಒಂದು ತಿಂಗಳು ಇರುತ್ತದಾ? ಯಾರಿಗಾದರೂ ಅನುಭವ ಇದ್ದರೆ ದಯವಿಟ್ಟು ಬರೆಯಿರಿ.

ಬೇಲೂರಿನ ಅಮ್ಮ (ಫೆಬ್ರವರಿ 11, ರಾತ್ರಿ)

ಪಾಪ ಕಣಮ್ಮ, ಓದಿ ಸಂಕಟ ಆಯಿತು. ಹೊಟ್ಟೆ ಈಗ ಸರಿ ಇದೆಯಾ? ಊಟ ಮಾಡುತ್ತಿದ್ದಾಳಾ? ಕೂರುವಾಗ ಆ ಕಾಲನ್ನು ಪಕ್ಕಕ್ಕೆ ಚಾಚಿ ಕೂರುತ್ತಾಳಾ, ಅದನ್ನು ನೋಡಿ ಹೇಳು. ನಮ್ಮ ಪುಟ್ಟಿ ಹಾಗೇ ಕೂರುತ್ತಿದ್ದಳು, ಅವಳದು ಮಂಡಿ ಲಿಗಮೆಂಟ್, ಅಂದರೆ ಎರಡು ಮೂಳೆಯನ್ನು ಹಿಡಿದಿಡುವ ಪಟ್ಟಿ, ಹರಿದಿತ್ತು.

ಪಶುವೈದ್ಯೆ, ಹಾಸನ (ಫೆಬ್ರವರಿ 12, ಬೆಳಿಗ್ಗೆ)

ನೋಡದೆ ಖಚಿತವಾಗಿ ಹೇಳುವಂತಿಲ್ಲ. ಆದರೆ ನೀವು ಬರೆದ ಕ್ರಮ ನೋಡಿದರೆ ಮೊದಲು ಮಂಡಿ ಪರೀಕ್ಷೆ ಮಾಡಿಸಿ. ಗುಂಡಿಗೆ ಕಾಲು ಹೋಗಿ ಮೈ ಮುಂದಕ್ಕೆ ಹೋದಾಗ ಮಂಡಿಯೊಳಗಿನ ಮುಂದಿನ ಕ್ರೂಸಿಯೇಟ್ ಲಿಗಮೆಂಟ್ ಹರಿಯಬಹುದು. ನಾಯಿಗಳಲ್ಲಿ ಹಿಂಗಾಲು ಕುಂಟುವುದಕ್ಕೆ ಅತಿ ಸಾಮಾನ್ಯ ಕಾರಣ ಅದೇ. ಲ್ಯಾಬ್ರಡಾರ್, ರಾಟ್‌ವೀಲರ್‌ಗಳಲ್ಲಿ ಇದು ಏಟು ಬೀಳದೆಯೂ ಆಗುತ್ತದೆ, ಹಳೇ ಹಗ್ಗ ಒಂದೊಂದೇ ಎಳೆ ಕಿತ್ತುಹೋದ ಹಾಗೆ ತಿಂಗಳುಗಟ್ಟಲೆ ಸವೆದು ಒಂದು ದಿನ ಹರಿಯುತ್ತದೆ. ಗ್ರೇಹೌಂಡ್ ಜಾತಿಯ ಓಟದ ನಾಯಿಗಳಲ್ಲಿ ಹಾಗೆ ಸವೆದು ಹರಿಯುವುದು ಅಪರೂಪ. ಅದಕ್ಕೇ ನಿಮ್ಮ ವಿಷಯದಲ್ಲಿ ಆ ಗುಂಡಿಯ ಮೇಲೆ ನನಗೆ ಅನುಮಾನ.

ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಲಿಗಮೆಂಟ್ ಕಾಣುವುದಿಲ್ಲ. ಕೀಲಿನಲ್ಲಿ ನೀರು ತುಂಬಿದ್ದರೆ ಅದರ ನೆರಳಿನಿಂದ ಊಹಿಸಬಹುದು ಅಷ್ಟೇ. ಹಾಗಾಗಿ ಮೂಳೆ ಸರಿ ಇದೆ ಅಂದರೆ ಮಂಡಿ ಸರಿ ಇದೆ ಅಂತ ಅರ್ಥ ಅಲ್ಲ. ಕೈಯಿಂದ ಮಾಡುವ ಪರೀಕ್ಷೆ ಬೇಕು. ಒಂದು ಕೈಯಲ್ಲಿ ತೊಡೆಮೂಳೆ ಹಿಡಿದು ಇನ್ನೊಂದು ಕೈಯಲ್ಲಿ ಕೆಳಗಿನ ಮೂಳೆಯನ್ನು ಮುಂದಕ್ಕೆ ತಳ್ಳುತ್ತೇವೆ. ಲಿಗಮೆಂಟ್ ಹರಿದಿದ್ದರೆ ಮೇಜಿನ ಡ್ರಾಯರ್ ಎಳೆದ ಹಾಗೆ ಮೂಳೆ ಮುಂದಕ್ಕೆ ಜಾರುತ್ತದೆ. ಮುಧೋಳದಂಥ ಬಿಗಿ ಸ್ನಾಯುವಿನ ನಾಯಿ ಎಚ್ಚರ ಇದ್ದಾಗ ಕಾಲು ಗಟ್ಟಿ ಹಿಡಿದುಬಿಡುತ್ತದೆ, ಏನೂ ಗೊತ್ತಾಗುವುದಿಲ್ಲ. ಮಂಪರು ಬರುವ ಇಂಜೆಕ್ಷನ್ ಕೊಟ್ಟು ನೋಡಿ ಅಂತ ನೀವೇ ಕೇಳಿ. ಜೊತೆಗೆ ಇದು ಓಟದ ತಳಿ, ಮೈಯಲ್ಲಿ ಕೊಬ್ಬು ಕಡಿಮೆ ಅಂತಲೂ ಹೇಳಿ. ಗ್ರೇಹೌಂಡ್‌ಗಳಿಗೆ ಥಯೋಪೆಂಟಾಲ್‌ನಂಥ ಅರಿವಳಿಕೆಯಿಂದ ಹೊರಗೆ ಬರಲು ತುಂಬಾ ಹೊತ್ತು ಬೇಕಾಗುತ್ತದೆ, ಅದೇ ಮೈಕಟ್ಟಿನ ನಾಯಿಗೂ ಎಚ್ಚರಿಕೆ ಬೇಕು.

ಮಾತ್ರೆ ವಿಷಯ ಎಲ್ಲರೂ ಓದಲಿ ಅಂತ ಬರೆಯುತ್ತೇನೆ. ಐಬುಪ್ರೊಫೆನ್, ಡೈಕ್ಲೋಫಿನಾಕ್, ಪ್ಯಾರಾಸಿಟಮಾಲ್ ಯಾವುದನ್ನೂ ನೀವಾಗಿ ನಾಯಿಗೆ ಕೊಡಬೇಡಿ. ಮೊದಲಿನ ಎರಡು ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸೋರಿಸುತ್ತವೆ, ಆ ಕಪ್ಪು ಮಲ ಅದೇ. ಪ್ಯಾರಾಸಿಟಮಾಲ್ ಜಾಸ್ತಿಯಾದರೆ ಲಿವರ್‌ಗೆ ಹೊಡೆತ. ಡೈಕ್ಲೋಫಿನಾಕ್ ಕೊಟ್ಟ ದನದ ಹೆಣ ತಿಂದು ರಣಹದ್ದುಗಳು ಸತ್ತವು ಅಂತ 2006ರಲ್ಲಿ ಜಾನುವಾರುಗಳ ಡೈಕ್ಲೋಫಿನಾಕ್ ನಿಷೇಧ ಆಯಿತಲ್ಲ, ಮನುಷ್ಯರ ಡೈಕ್ಲೋಫಿನಾಕ್ ಇನ್ನೂ ಕೆಲವರು ನಾಯಿಗೆ ಚುಚ್ಚುತ್ತಾರೆ. ನಾಯಿಗೆ ಕೊಡಬಹುದಾದ ಮೆಲಾಕ್ಸಿಕಾಮ್, ಕಾರ್ಪ್ರೊಫೆನ್ ಇವೆ. ಅವನ್ನೂ ತೂಕ ನೋಡಿ, ಡಾಕ್ಟರ್ ಬರೆದುಕೊಟ್ಟಷ್ಟೇ.

ಶ್ವಾನದಳ ನಿವೃತ್ತ, ಚಿಕ್ಕಮಗಳೂರು (ಫೆಬ್ರವರಿ 12, ಮಧ್ಯಾಹ್ನ)

ತಂಗಿ, ನಾನು ಶ್ವಾನದಳದಲ್ಲಿ 19 ವರ್ಷ ನಾಯಿ ನೋಡಿಕೊಂಡವನು. ಡಾಕ್ಟರ್ ಮೇಡಂ ಹೇಳಿದ್ದಕ್ಕೆ ನನ್ನ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ.

ಕೆಲಸದ ನಾಯಿ, ಓಟದ ನಾಯಿ ನೋವು ಮುಚ್ಚಿಡುತ್ತದೆ. ಚೆಂಡು ಕಂಡರೆ, ಮೊಲ ಕಂಡರೆ ಮೂರು ಕಾಲಲ್ಲಾದರೂ ಓಡುತ್ತದೆ. ಅದಕ್ಕೇ ಓಡುವಾಗ ನೋಡಿ ನಿರ್ಧಾರ ಮಾಡಬಾರದು. ನಾವು ಠಾಣೆ ಹಿಂದಿನ ಸಿಮೆಂಟ್ ಅಂಗಳದಲ್ಲಿ ಹಗ್ಗ ಸಡಿಲ ಬಿಟ್ಟು ಕುಕ್ಕುಲೋಟದಲ್ಲಿ ನಡೆಸುತ್ತಿದ್ದೆವು. ಒಬ್ಬರು ಮುಂದೆ, ಒಬ್ಬರು ಹಿಂದೆ, ಒಬ್ಬರು ಪಕ್ಕದಲ್ಲಿ ನಿಂತು ನೋಡುವುದು. ಮುಂಗಾಲು ನೋವಿದ್ದರೆ ಆ ಕಾಲು ನೆಲಕ್ಕೆ ಬಿದ್ದಾಗ ತಲೆ ಮೇಲೆ ಹೋಗುತ್ತದೆ. ಒಳ್ಳೆಯ ಕಾಲು ಬಿದ್ದಾಗ ತಲೆ ಕೆಳಗೆ. ಹಿಂಗಾಲು ನೋವಿದ್ದರೆ ಆ ಕಡೆಯ ಸೊಂಟ ಎಗರುತ್ತದೆ. ಈಗ ನಿಮ್ಮ ಫೋನಿನಲ್ಲಿ ನಿಧಾನ ಮಾಡಿ ನೋಡುವ ವಿಡಿಯೋ ಬರುತ್ತದಲ್ಲ, ಅದರಲ್ಲಿ ತೆಗೆದು ಡಾಕ್ಟರಿಗೆ ತೋರಿಸಿ. ಆಸ್ಪತ್ರೆ ಒಳಗೆ ಹೋದ ತಕ್ಷಣ ಹೆದರಿಕೆಗೆ ಎಷ್ಟೋ ನಾಯಿಗಳು ನೆಟ್ಟಗೆ ನಡೆದುಬಿಡುತ್ತವೆ.

ಕಣ್ಣು ಮುಚ್ಚಿ ಕೇಳಿಸಿಕೊಳ್ಳುವುದೂ ಉಂಟು. ಸಿಮೆಂಟಿನ ಮೇಲೆ ಉಗುರು ಟಕ್, ಟಕ್, ಟಕ್, ಟಕ್ ಅಂತ ಒಂದೇ ಸಮ ಬರಬೇಕು. ಒಂದು ಟಕ್ ಮೆತ್ತಗಾದರೆ ಅಥವಾ ಪರಕ್ ಅಂತ ಎಳೆದರೆ ಆ ಕಾಲಿನಲ್ಲಿ ಏನೋ ಇದೆ. ನನ್ನ ಹತ್ತಿರ ಇದ್ದ ಡಾಬರ್‌ಮನ್ ಒಂದರ ಬಲ ಹಿಂಗಾಲಿನ ನಡುವಿನ ಎರಡು ಉಗುರು ಉಳಿದವಕ್ಕಿಂತ ಸವೆದಿತ್ತು. ಕುಂಟು ಕಾಣುವುದಕ್ಕೆ ಮೂರು ವಾರ ಮೊದಲೇ.

ಇನ್ನೊಂದು, ಟೈಲರ್ ಟೇಪಿನಲ್ಲಿ ಎರಡೂ ತೊಡೆ ಅಳೆಯಿರಿ. ನಿಂತಾಗ, ಒಂದೇ ಜಾಗದಲ್ಲಿ, ಮೂರು ಸಲ. ಊರದ ಕಾಲಿನ ತೊಡೆ ಬೇಗ ಬತ್ತುತ್ತದೆ. ಆ ಅಳತೆ ಇವತ್ತೇ ಬರೆದಿಡಿ, ಮುಂದೆ ಬೇಕಾಗುತ್ತದೆ.

ಅರಸೀಕೆರೆ ಕಡೆಯವನು (ಫೆಬ್ರವರಿ 12, ಸಂಜೆ)

ಅಕ್ಕ, ಇಷ್ಟಕ್ಕೆಲ್ಲ ಆಪರೇಷನ್ ಅಂತ ಓಡಬೇಡಿ. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಬೇಟೆ ನಾಯಿ ಸಾಕಿದ್ದೇವೆ. ಕಾಲು ಉಳುಕಿದರೆ ಹರಳೆಣ್ಣೆ ಬಿಸಿ ಮಾಡಿ ಹಚ್ಚುವುದು, ಮುರಿದರೆ ನಾಟಿ ವೈದ್ಯರ ಹತ್ತಿರ ಬಿದಿರು ದಬ್ಬೆ ಕಟ್ಟಿಸುವುದು, ಕಾಲು ಸೂಪ್ ಕುಡಿಸುವುದು. ಎಷ್ಟೋ ನಾಯಿ ಎದ್ದು ಓಡಿವೆ.

ಆದರೆ ಸುಳ್ಳು ಹೇಳಬಾರದು, ಒಂದು ಸಲ ಕೆಟ್ಟದ್ದೂ ಆಗಿದೆ. ಐದು ತಿಂಗಳ ಮರಿ, ಟ್ರ್ಯಾಕ್ಟರ್ ಟ್ರೈಲರಿನಿಂದ ಹಾರಿ ಮುಂಗಾಲು ಮುರಿದುಕೊಂಡಿತು. ದಬ್ಬೆ ಕಟ್ಟಿಸಿಕೊಂಡು ಬಂದೆವು. ಮೂರನೇ ದಿನ ರಾತ್ರಿಯೆಲ್ಲ ಅತ್ತಿತು, ನೋವಿಗೆ ಅಳುತ್ತದೆ ಅಂತ ಬಿಟ್ಟೆವು. ಐದನೇ ದಿನ ಬಿಚ್ಚಿದರೆ ಪಾದ ತಣ್ಣಗಿತ್ತು, ಬಣ್ಣ ತಿರುಗಿತ್ತು, ವಾಸನೆ ಬಂತು. ಕಾಲು ತೆಗೆಯಬೇಕಾಯಿತು. ಆ ಮರಿ ಇವತ್ತಿಗೂ ಮೂರು ಕಾಲಲ್ಲಿ ಇದೆ, ಚೆನ್ನಾಗಿಯೇ ಇದೆ. ಆದರೂ ಆ ರಾತ್ರಿ ಎದ್ದು ಹೋಗಿ ಬಿಚ್ಚಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ. ಮೇಡಂ, ಕಟ್ಟು ಬಿಗಿಯಾಗಿದೆ ಅಂತ ಗೊತ್ತಾಗುವುದು ಹೇಗೆ?

ಪಶುವೈದ್ಯೆ, ಹಾಸನ (ಫೆಬ್ರವರಿ 12, ರಾತ್ರಿ)

ಇದನ್ನು ಬಿಚ್ಚಿ ಬರೆದಿದ್ದೀರಿ, ಬೇರೆಯವರ ನಾಯಿಗೆ ಉಪಕಾರ ಆಗುತ್ತದೆ. ಯಾವ ಕಟ್ಟೇ ಆದರೂ ಕೆಳಗೆ ನಡುವಿನ ಎರಡು ಬೆರಳು ಕಾಣುವಂತೆ ಬಿಟ್ಟಿರಬೇಕು. ದಿನಕ್ಕೆ ಎರಡು ಸಲ ಮುಟ್ಟಿ ನೋಡಿ. ಆ ಎರಡು ಉಗುರು ಒಂದರಿಂದ ಒಂದು ದೂರ ಸರಿದಿದ್ದರೆ ಒಳಗೆ ಊತ ಇದೆ. ಬೆರಳು ತಣ್ಣಗಿದ್ದರೆ, ಕಟ್ಟು ಒದ್ದೆಯಾಗಿದ್ದರೆ, ವಾಸನೆ ಬಂದರೆ, ನಾಯಿ ಇದ್ದಕ್ಕಿದ್ದಂತೆ ಕಟ್ಟನ್ನು ಕಚ್ಚತೊಡಗಿದರೆ ಬೆಳಗಾಗುವವರೆಗೆ ಕಾಯಬೇಡಿ. ಮರಿಗಳಲ್ಲಿ ಮೂಳೆ ಬೇಗ ಕೂಡುತ್ತದೆ ನಿಜ, ಆದರೆ ಬೆಳೆಯುವ ತುದಿಗೆ ಏಟು ಬಿದ್ದಿದ್ದರೆ ಕಾಲು ಸೊಟ್ಟ ಬೆಳೆಯುತ್ತದೆ. ದೊಡ್ಡ ತಳಿಗಳಲ್ಲಿ ಆ ತುದಿ ಮುಚ್ಚಲು ಒಂದು ವರ್ಷ ದಾಟುತ್ತದೆ. ಅಲ್ಲಿಯವರೆಗೆ ಎತ್ತರದ ಜಿಗಿತ, ಬೈಕಿನ ಹಿಂದೆ ಓಡಿಸುವುದು ಬೇಡವೇ ಬೇಡ.

ಕಾಲು ಸೂಪ್ ಕುಡಿದರೆ ಲಿಗಮೆಂಟ್ ಕೂಡುವುದಿಲ್ಲ. ಉಪ್ಪು ಈರುಳ್ಳಿ ಹಾಕದೆ ಕೊಟ್ಟರೆ ಊಟದ ಜೊತೆ ಪರವಾಗಿಲ್ಲ, ಬೆಂದ ಮೂಳೆ ಮಾತ್ರ ಕೊಡಬೇಡಿ.

ಮೂಡಿಗೆರೆ ಹುಡುಗ (ಫೆಬ್ರವರಿ 13, ರಾತ್ರಿ)

ನನ್ನದು ಬಾರ್ಡರ್ ಕೋಲಿ, ಚುಕ್ಕಿ. ಅಜಿಲಿಟಿ ಕಲಿಸುತ್ತಿದ್ದೇನೆ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ ಕುದುರೆ ಜಿಗಿತದ ಮಾದರಿಯಲ್ಲಿ ಮೊದಲು ತೋರಿಸಿದ ಆಟ ಇದು, ಬೇಲಿ ಹಾರುವುದು, ಕಂಬಗಳ ಮಧ್ಯೆ ನುಸುಳುವುದು, ಸುರಂಗ ದಾಟುವುದು. ತೋಟದ ಪಕ್ಕದ ಬಯಲಿನಲ್ಲಿ ಪಿವಿಸಿ ಪೈಪಿನಿಂದ ಎಲ್ಲ ನಾನೇ ಮಾಡಿಕೊಂಡಿದ್ದೇನೆ.

ಹೋದ ಮಳೆಗಾಲ ಮುಗಿದ ಮೇಲೆ ಚುಕ್ಕಿ ಅಡ್ಡಪಟ್ಟಿ ಬೀಳಿಸತೊಡಗಿತು. ಹಿಂದೆ ಹತ್ತಕ್ಕೆ ಹತ್ತು ಹಾರುತ್ತಿದ್ದ ನಾಯಿ. ಸ್ವಲ್ಪವೂ ಕುಂಟುತ್ತಿರಲಿಲ್ಲ. ಸೋಮಾರಿತನ ಅಂತ ಗದರಿದೆ, ಇನ್ನಷ್ಟು ಅಭ್ಯಾಸ ಮಾಡಿಸಿದೆ. ಕಂಬಗಳ ಮಧ್ಯೆ ನಿಧಾನವಾಯಿತು, ಕಾರು ಹತ್ತುವ ಮುಂಚೆ ಒಂದು ಕ್ಷಣ ನಿಂತು ನನ್ನ ಮುಖ ನೋಡುತ್ತಿತ್ತು. ಆ ನೋಟ ನನಗೆ ಆಗ ಅರ್ಥ ಆಗಲಿಲ್ಲ. ಕೊನೆಗೆ ಬೆಂಗಳೂರಿನಲ್ಲಿ ಒಬ್ಬ ಡಾಕ್ಟರ್ ಹಿಂಗಾಲನ್ನು ಹಿಂದಕ್ಕೆ ಚಾಚಿ ಒಳಕ್ಕೆ ತಿರುಗಿಸಿದಾಗ ಕಿರುಚಿತು. ಇಲಿಯೊಸೋಸ್ ಅಂತ ಸ್ನಾಯು, ಸೊಂಟದ ಬೆನ್ನೆಲುಬಿನ ಕೆಳಗಿನಿಂದ ಹೊರಟು ತೊಡೆಮೂಳೆಯ ಒಳಬದಿಗೆ ಅಂಟಿಕೊಳ್ಳುತ್ತದಂತೆ. ಒದ್ದೆ ಹುಲ್ಲಿನಲ್ಲಿ ಹಿಂಗಾಲು ಜಾರಿದಾಗ, ಚೆಂಡಿನ ಹಿಂದೆ ಓಡಿ ಸರಕ್ಕನೆ ತಿರುಗಿದಾಗ ಎಳೆದುಕೊಳ್ಳುತ್ತದೆ. ಅಜಿಲಿಟಿ ನಾಯಿಗಳಲ್ಲಿ ಇದು ಜಾಸ್ತಿ.

ಎರಡು ವಾರಕ್ಕೆ ಚೆನ್ನಾಗಿ ಕಂಡಿತು, ಚೆಂಡು ಎಸೆದೆ. ಮತ್ತೆ ಮೊದಲಿನಿಂದ. ಒಟ್ಟು ಮೂರೂವರೆ ತಿಂಗಳು ಹೋಯಿತು. ಅಕ್ಕ, ನಿಮ್ಮ ಮಿಂಚು ಹತ್ತು ದಿನಕ್ಕೆ ನೆಟ್ಟಗಾಗಿ ಮತ್ತೆ ಕಾಲೆತ್ತಿದ್ದು ಓದಿದಾಗ ನನ್ನದೇ ಕತೆ ಅನ್ನಿಸಿತು. ನೋವು ಹೋಗುವುದು ಬೇಗ, ಹರಿದದ್ದು ಕೂಡುವುದು ನಿಧಾನ.

ಸಕಲೇಶಪುರ ತೋಟದ ಮನೆ (ಫೆಬ್ರವರಿ 17)

ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿದ್ದೆವು. ಮಂಪರು ಕೊಟ್ಟು ನೋಡಿದರು. ಡ್ರಾಯರ್ ಎಳೆದ ಹಾಗೆ ಅಂತ ಮೇಡಂ ಬರೆದಿದ್ದರಲ್ಲ, ನನ್ನ ಕಣ್ಣೆದುರೇ ಮೂಳೆ ಜಾರಿತು. ಲಿಗಮೆಂಟ್ ಪೂರ್ತಿ ಹರಿದಿದೆ. ಎಡ ತೊಡೆ 29 ಸೆಂಟಿಮೀಟರ್, ಬಲ ತೊಡೆ 32. ಬೇಲೂರಿನ ಅಮ್ಮ ಕೇಳಿದ ಹಾಗೆ ಕಾಲು ಪಕ್ಕಕ್ಕೆ ಚಾಚಿಯೇ ಕೂರುತ್ತಿದ್ದಾಳೆ, ನಾನು ಇಷ್ಟು ದಿನ ನೋಡಿಯೇ ಇರಲಿಲ್ಲ. ಪ್ಲೇಟ್ ಹಾಕುವ ಆಪರೇಷನ್ ಬಗ್ಗೆ ಹೇಳಿದರು. ಮೂಳೆ ಕೊಯ್ಯುತ್ತಾರೆ ಅಂದಾಗ ಮನೆಯವರು ಹೆದರಿದ್ದಾರೆ. ಹರಿದದ್ದು ಲಿಗಮೆಂಟ್, ಕೊಯ್ಯುವುದು ಮೂಳೆ ಯಾಕೆ?

ಪಶುವೈದ್ಯೆ, ಹಾಸನ (ಫೆಬ್ರವರಿ 17, ರಾತ್ರಿ)

ಶಿರಾಡಿ ಘಾಟಿನಲ್ಲಿ ಇಳಿಜಾರಿಗೆ ಜೀಪ್ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟಿದ್ದೀರಿ ಅಂದುಕೊಳ್ಳಿ. ಆ ಕಲ್ಲೇ ಲಿಗಮೆಂಟ್. ನಾಯಿಯ ಮಂಡಿ ಕೆಳಗಿನ ಮೂಳೆಯ ತಲೆ ಹಿಂದಕ್ಕೆ ಇಳಿಜಾರಾಗಿರುತ್ತದೆ, ಸುಮಾರು 25 ಡಿಗ್ರಿ. ಕಾಲು ಊರಿದಾಗಲೆಲ್ಲ ತೊಡೆಮೂಳೆ ಆ ಇಳಿಜಾರಿನಲ್ಲಿ ಜಾರಲು ನೋಡುತ್ತದೆ. ಕಲ್ಲು ಪುಡಿಯಾದ ಮೇಲೆ ಇನ್ನೊಂದು ಕಲ್ಲು ಇಡಬಹುದು, ಅಂದರೆ ಕೀಲಿನ ಹೊರಗೆ ಗಟ್ಟಿ ನೈಲಾನ್ ದಾರ ಬಿಗಿಯುವುದು. ಇಲ್ಲ, ರಸ್ತೆಯನ್ನೇ ಮಟ್ಟ ಮಾಡಬಹುದು. ಅಮೆರಿಕದ ಪಶುವೈದ್ಯ ಬಾರ್ಕ್ಲೆ ಸ್ಲೋಕಮ್ 1993ರಲ್ಲಿ ಪ್ರಕಟಿಸಿದ ಟಿಪಿಎಲ್ಒ ಅದೇ. ಮೂಳೆಯ ತಲೆಯನ್ನು ಕಮಾನಿನಂತೆ ಕೊಯ್ದು, ತಿರುಗಿಸಿ, ಇಳಿಜಾರನ್ನು 5 ಡಿಗ್ರಿಯ ಆಸುಪಾಸಿಗೆ ತಂದು, ಪ್ಲೇಟ್ ಸ್ಕ್ರೂ ಹಾಕಿ ನಿಲ್ಲಿಸುವುದು. ಲಿಗಮೆಂಟ್ ಇಲ್ಲದೆಯೂ ಮಂಡಿ ಜಾರುವುದಿಲ್ಲ. 22 ಕೆಜಿ ತೂಕದ, ಓಡಲೇಬೇಕು ಅನ್ನುವ ನಾಯಿಗೆ ನಾನಾದರೆ ಇದನ್ನೇ ಹೇಳುತ್ತೇನೆ. ಮಂಡಿ ಒಳಗಿನ ಗಾದಿ, ಮೆನಿಸ್ಕಸ್, ಹರಿದಿದೆಯಾ ಅಂತ ಆಗಲೇ ನೋಡುತ್ತಾರೆ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಒಂದು ಮಂಡಿ ಹೋದ ನಾಯಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟಕ್ಕೆ ಮುಂದೆ ಇನ್ನೊಂದು ಮಂಡಿಯೂ ಹೋಗುತ್ತದೆ. ಮಿಂಚುವಿನದು ಏಟಿನಿಂದ ಆದದ್ದು, ಹಾಗಾಗಿ ಅಷ್ಟು ಭಯ ಬೇಡ, ಆದರೆ ಬಲಗಾಲನ್ನೂ ನೋಡಿಕೊಳ್ಳಿ.

ಬೇಲೂರಿನ ಅಮ್ಮ (ಫೆಬ್ರವರಿ 18)

ನಮ್ಮ ಪುಟ್ಟಿಗೆ ಆಪರೇಷನ್ ಮಾಡಿಸಲಿಲ್ಲ. ಅವಳು 9 ಕೆಜಿ, ಮನೆ ನಾಯಿ, ವಯಸ್ಸೂ ಆಗಿತ್ತು. 15 ಕೆಜಿ ಒಳಗಿನ ನಾಯಿಗಳು ಹಾಗೇ ಸುಧಾರಿಸಿಕೊಳ್ಳಬಹುದು ಅಂದಿದ್ದರು. ಮೂರು ತಿಂಗಳು ಹಗ್ಗದಲ್ಲೇ, ತೂಕ ಇಳಿಸಿದೆವು, ಈಗ ಚಳಿಗೆ ಸ್ವಲ್ಪ ಬಿಗಿಯುತ್ತದೆ ಅಷ್ಟೇ. ಆದರೆ ನಿನ್ನ ಮಿಂಚು ಬೇರೆ ಕಣಮ್ಮ. ಅವಳನ್ನು ಓಡಬೇಡ ಅಂತ ಜೀವಮಾನ ಕಟ್ಟಿಹಾಕುವುದಕ್ಕಾಗುತ್ತದಾ?

ಸಕಲೇಶಪುರ ತೋಟದ ಮನೆ (ಮಾರ್ಚ್ 15)

ಫೆಬ್ರವರಿ 26ಕ್ಕೆ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಈ ಸಲದ ಮೆಣಸಿನ ದುಡ್ಡು ಪೂರ್ತಿ ಅದಕ್ಕೇ ಹೋಯಿತು, ಹೋಗಲಿ. ಮೆನಿಸ್ಕಸ್ ಒಂದು ಅಂಚು ಹರಿದಿತ್ತು, ಅಷ್ಟನ್ನು ತೆಗೆದರು.

ಮೊದಲ ವಾರ ಕಷ್ಟ. ಊತ ಮಂಡಿಯಿಂದ ಹಿಮ್ಮಡಿಗೆ ಇಳಿಯಿತು, ಅದು ಸಹಜ ಅಂತ ಮೊದಲೇ ಹೇಳಿದ್ದರು. ಮೂರು ದಿನ ಐಸನ್ನು ಬಟ್ಟೆಯಲ್ಲಿ ಸುತ್ತಿ 10 ನಿಮಿಷ, ದಿನಕ್ಕೆ ನಾಲ್ಕು ಸಲ. ಹೊಟ್ಟೆ ಕೆಳಗೆ ಹಳೇ ಟವೆಲ್ ಹಾಕಿ ಎತ್ತಿ ಹಿಡಿದು ಅಂಗಳಕ್ಕೆ ಕರೆದೊಯ್ಯುವುದು, ಐದೇ ನಿಮಿಷ, ವಾಪಸ್. ಕೊರಳಿಗೆ ಬುಟ್ಟಿಯಂಥ ಕಾಲರ್ ಹಾಕಿದ್ದೆವು, ಹೊಲಿಗೆ ನೆಕ್ಕಬಾರದು ಅಂತ. ನಮ್ಮದು ಹಳೇ ಮನೆ, ರೆಡ್ ಆಕ್ಸೈಡ್ ನೆಲ, ಕನ್ನಡಿ ಹಾಗೆ ಜಾರುತ್ತದೆ. ಅತ್ತೆ ಹೇಳದೆ ಕೇಳದೆ ಗೋದಾಮಿನಿಂದ ಗೋಣಿಚೀಲ ತಂದು ಜಗುಲಿಯಿಂದ ಅಡುಗೆಮನೆವರೆಗೆ ಹಾಸಿ, ಅಂಚು ಹೊಲಿದುಬಿಟ್ಟರು, ಮಡಚಿಕೊಳ್ಳಬಾರದು ಅಂತ.

ನಾಲ್ಕನೇ ದಿನಕ್ಕೆ ಬೆರಳು ಊರಿದಳು. ಈಗ ಎರಡೂವರೆ ವಾರ, ಪಾದ ಪೂರ್ತಿ ಊರುತ್ತಾಳೆ. ಓಡಬೇಕು ಅಂತ ಹಗ್ಗ ಎಳೆಯುತ್ತಾಳೆ. ತಡೆಯುವುದೇ ದೊಡ್ಡ ಕೆಲಸ, ಮಗ ಬೇಜಾರು ಮಾಡಿಕೊಳ್ಳುತ್ತಾನೆ. ಈಗ ಏನು ಮಾಡಿಸಬಹುದು?

ಶ್ವಾನದಳ ನಿವೃತ್ತ, ಚಿಕ್ಕಮಗಳೂರು (ಮಾರ್ಚ್ 15, ರಾತ್ರಿ)

ನಿಧಾನ ನಡಿಗೆ, ತಂಗಿ. ನಾಯಿ ಮೂರು ಕಾಲಲ್ಲಿ ವೇಗವಾಗಿ ಹೋಗಬಹುದು, ನಿಧಾನವಾಗಿ ನಡೆಯಬೇಕಾದರೆ ನಾಲ್ಕನ್ನೂ ಊರಲೇಬೇಕು. ಹಗ್ಗ ಗಿಡ್ಡ ಹಿಡಿದು, ಕಾಫಿ ಕಣದ ಅಂಚಿನಲ್ಲಿ, ಹೆಜ್ಜೆ ಎಣಿಸಿದ ಹಾಗೆ. ವಾರಕ್ಕೆ ಐದು ನಿಮಿಷ ಹೆಚ್ಚಿಸಿ, ಮಾರನೇ ದಿನ ಬೆಳಿಗ್ಗೆ ಬಿಗಿಯಾಗಿ ಎದ್ದರೆ ಹಿಂದಿನ ವಾರದ ಲೆಕ್ಕಕ್ಕೆ ವಾಪಸ್ ಹೋಗಿ. ಡಾಕ್ಟರ್ ಒಪ್ಪಿದ ಮೇಲೆ ಮೆಣಸು ಕೊಯ್ಯುವ ಏಣಿಯನ್ನು ನೆಲದ ಮೇಲೆ ಮಲಗಿಸಿ, ಮೆಟ್ಟಿಲುಗಳ ಮಧ್ಯೆ ಒಂದೊಂದೇ ಕಾಲು ಇಡಿಸಿ. ಮಂಡಿ ಮಡಚಿ ಎತ್ತಲೇಬೇಕಾಗುತ್ತದೆ. ಗೋಡೆಗೆ ಒತ್ತಿ ನಿಲ್ಲಿಸಿ ಕೂರು, ನಿಲ್ಲು ಅಂತ ಐದು ಸಲ ಮಾಡಿಸಿ. ಗೋಡೆ ಇದ್ದರೆ ಕಾಲು ಪಕ್ಕಕ್ಕೆ ಚಾಚಲು ಆಗುವುದಿಲ್ಲ. ಮಗನಿಗೆ ಈ ಕೆಲಸ ವಹಿಸಿ, ಪುಸ್ತಕದಲ್ಲಿ ನಿಮಿಷ ಬರೆಯಲಿ.

ಸಕಲೇಶಪುರ ತೋಟದ ಮನೆ (ಏಪ್ರಿಲ್ 25)

ಎಂಟು ವಾರದ ಎಕ್ಸ್‌ರೇ ಆಯಿತು. ಕೊಯ್ದ ಗೆರೆ ಹುಡುಕಬೇಕು, ಅಷ್ಟು ಕೂಡಿದೆ. ಎಡ ತೊಡೆ ಈಗ 30. ಏಣಿ ಮೊದಲ ದಿನ ಹಾರಿ ದಾಟಿಬಿಟ್ಟಳು, ನನ್ನ ಎದೆ ನಿಂತೇ ಹೋಯಿತು. ಮಗ ಮುಂದೆ ಕೂತು ಒಂದೊಂದು ಮೆಟ್ಟಿಲಿಗೆ ಬೆಂದ ಕೋಳಿ ಚೂರು ತೋರಿಸಿದ ಮೇಲೆ ನಿಧಾನ ಕಲಿತಳು. ಹೂ ಮಳೆ ಬಂದು ಗಿಡವೆಲ್ಲ ಬೆಳ್ಳಗಿತ್ತು ಆ ದಿನ.

ನೀರಿನಲ್ಲಿ ನಡೆಸಬಹುದಾ ಮೇಡಂ? ಹಳ್ಳದಲ್ಲಿ ಒಂದು ಕಡೆ ಮರಳು ತಳ ಇದೆ.

ಪಶುವೈದ್ಯೆ, ಹಾಸನ (ಏಪ್ರಿಲ್ 26)

ಗಾಯ ಪೂರ್ತಿ ಒಣಗಿದೆ, ಮೂಳೆ ಕೂಡಿದೆ, ಹಾಗಾಗಿ ನಡೆಸಬಹುದು. ಕಲ್ಲಿನ ತಳ ಬೇಡ, ಹರಿವು ಜೋರಿರಬಾರದು. ನೀರು ನಾಯಿಯ ಸೊಂಟದ ಕೀಲಿನ ಮಟ್ಟಕ್ಕಿದ್ದರೆ ಕಾಲಿನ ಮೇಲೆ ಮೈಭಾರದ ಶೇಕಡಾ 38ರಷ್ಟು ಮಾತ್ರ ಬೀಳುತ್ತದೆ, ಮಂಡಿ ಮಟ್ಟಕ್ಕಾದರೆ 85. ಅದಕ್ಕೇ ಮಂಡಿ ಮುಳುಗಿದರೆ ಸಾಲದು, ಸೊಂಟದವರೆಗೆ ಬೇಕು. ಈಜಿಸಬೇಡಿ, ನಡೆಸಿ. ಈಜುವಾಗ ಗಾಬರಿಯಲ್ಲಿ ಒದೆಯುತ್ತವೆ. ಐದು ನಿಮಿಷ ಸಾಕು. ಬಂದ ಮೇಲೆ ಒರೆಸಿ ಬೆಚ್ಚಗಿಡಿ.

ಊಟ ಕಡಿಮೆ ಮಾಡಿದ್ದೀರಾ? ಓಡುವ ನಾಯಿಯ ಊಟ ಮಲಗಿರುವ ನಾಯಿಗೆ ಹಾಕಿದರೆ ತೂಕ ಏರುತ್ತದೆ. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಜೋಡಿ ಮಾಡಿ, ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಡಿಮೆ ಊಟ ಹಾಕಿ ಸಾಯುವವರೆಗೆ ನೋಡಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಕಡಿಮೆ ತಿಂದವು ಸುಮಾರು ಎರಡು ವರ್ಷ ಜಾಸ್ತಿ ಬದುಕಿದವು, ಕೀಲು ಸವೆತವೂ ತಡವಾಗಿ ಬಂತು.

ಸಕಲೇಶಪುರ ತೋಟದ ಮನೆ (ಜೂನ್ 14)

ಭಯ ಆಗಿ ಬರೆಯುತ್ತಿದ್ದೇನೆ. ಮಳೆ ಹಿಡಿದಿದೆ. ನಿನ್ನೆ ಒದ್ದೆ ಕಾಲಲ್ಲಿ ಒಳಗೆ ಬಂದಳು, ಒಂದು ಗೋಣಿಚೀಲ ಒಗೆಯಲು ತೆಗೆದಿದ್ದೆವು, ಅದೇ ಜಾಗದಲ್ಲಿ ಎರಡೂ ಹಿಂಗಾಲು ಅಗಲ ಜಾರಿ ಬಿದ್ದಳು. ಎದ್ದಳು, ಎರಡು ಹೆಜ್ಜೆ ಕುಂಟಿದಳು. ಇವತ್ತು ಬೆಳಿಗ್ಗೆ ನೆಟ್ಟಗಿದ್ದಾಳೆ. ಈ ಸಲ ನೆಟ್ಟಗಿದ್ದಾಳೆ ಅಂತ ಬಿಡುವುದಿಲ್ಲ.

ಮೂಡಿಗೆರೆ ಹುಡುಗ (ಜೂನ್ 14)

ಅಕ್ಕ, ತೊಡೆಯ ಒಳಭಾಗ ಮೆತ್ತಗೆ ಒತ್ತಿ ನೋಡಿ, ನಮ್ಮ ಚುಕ್ಕಿಗೆ ಅಲ್ಲೇ ಇತ್ತು. ಪಾದದ ಅಡಿಯ ಕೂದಲು ಕತ್ತರಿಸಿ, ಉಗುರು ಗಿಡ್ಡ ಮಾಡಿ. ಹಿಡಿತ ಬರುತ್ತದೆ.

ಸಕಲೇಶಪುರ ತೋಟದ ಮನೆ (ಜೂನ್ 19)

ತೋರಿಸಿಕೊಂಡು ಬಂದೆವು. ಪ್ಲೇಟ್ ಅಲ್ಲಾಡಿಲ್ಲ, ಒಳತೊಡೆ ಸ್ನಾಯು ಸ್ವಲ್ಪ ಎಳೆದಿದೆ. ಮೂರು ವಾರ ಹಿಂದಕ್ಕೆ. ಬರೀ ನಡಿಗೆ, ಮಳೆ ಬಿಡುವವರೆಗೆ ಗೋದಾಮಿನೊಳಗೆ ಮೂಟೆಗಳ ಸುತ್ತ. ಮಗನ ಪುಸ್ತಕದಲ್ಲಿ ಮತ್ತೆ 10 ನಿಮಿಷದಿಂದ ಶುರು.

ಅರಸೀಕೆರೆ ಕಡೆಯವನು (ಜುಲೈ 2)

ನಮ್ಮೂರಲ್ಲಿ ಹಬ್ಬಕ್ಕೆ ನಾಯಿ ಓಟ ಇಡೋಣ ಅಂತ ಹುಡುಗರು ಕೇಳುತ್ತಿದ್ದಾರೆ. ಕೊಯ್ದ ಗದ್ದೆಯಲ್ಲಿ ದುಂಡಗೆ ಸುತ್ತು ಹಾಕಿಸುವುದು ಅವರ ಆಲೋಚನೆ. ಇದನ್ನೆಲ್ಲ ಓದಿದ ಮೇಲೆ ಒಪ್ಪಲು ಮನಸ್ಸಿಲ್ಲ. ಏನಂತೀರಿ?

ಪಶುವೈದ್ಯೆ, ಹಾಸನ (ಜುಲೈ 2, ರಾತ್ರಿ)

ದುಂಡಗೆ ಬೇಡ, ನೇರ ಇಡಿ. ವಿದೇಶದ ಗ್ರೇಹೌಂಡ್ ಓಟಗಳಲ್ಲಿ ನಾಯಿಗಳು ಯಾವಾಗಲೂ ಎಡಕ್ಕೇ ತಿರುಗುತ್ತವೆ. ತಿರುವಿನಲ್ಲಿ ಹೊರಗಿನ ಬಲ ಹಿಂಗಾಲಿನ ಹಿಮ್ಮಡಿ ಕೀಲಿನ ಮೇಲೆ ಭಾರ ಬಿದ್ದು, ಅಲ್ಲಿನ ನಡುವಿನ ಸಣ್ಣ ಮೂಳೆ ಮುರಿಯುತ್ತದೆ, ಹೆಚ್ಚಿನವು ಬಲಗಾಲಿನವೇ. ಒಂದೇ ಕಡೆ ತಿರುಗಿ ತಿರುಗಿ ಮೂಳೆ ಒಳಗೇ ದಣಿದಿರುತ್ತದೆ. ಕೊಯ್ದ ಗದ್ದೆಯಲ್ಲಿ ಕೂಳೆ ಚುಚ್ಚುತ್ತದೆ, ಒಣಗಿದ ಗೊರಸಿನ ಗುಂಡಿಗೆ ಬೆರಳು ಸಿಕ್ಕುತ್ತದೆ. ಇಂಥ ನಾಯಿ ಪೂರ್ತಿ ವೇಗದಲ್ಲಿ ಒಂದೊಂದು ನೆಗೆತಕ್ಕೆ ಎರಡು ಸಲ ನಾಲ್ಕೂ ಕಾಲು ಗಾಳಿಯಲ್ಲಿರುತ್ತವೆ, ಇಳಿಯುವ ಜಾಗ ನೋಡಿಕೊಳ್ಳಲು ಅದಕ್ಕೆ ಸಮಯ ಇಲ್ಲ. ನೀವೇ ನೋಡಬೇಕು.

ಶ್ವಾನದಳ ನಿವೃತ್ತ, ಚಿಕ್ಕಮಗಳೂರು (ಜುಲೈ 3)

ಓಟ ಮುಗಿಯುವ ಗೆರೆ ಆಚೆಗೂ ಅಷ್ಟೇ ಉದ್ದ ಖಾಲಿ ಜಾಗ ಬಿಡಿ. ಗೋಡೆ, ಜನ ಎದುರಿಗಿದ್ದರೆ ನಾಯಿ ಸರಕ್ಕನೆ ನಿಲ್ಲುತ್ತದೆ, ಆಗಲೇ ಭುಜ ಹೋಗುವುದು. ಮೈಭಾರದಲ್ಲಿ ನೂರಕ್ಕೆ ಅರವತ್ತು ಭಾಗ ಮುಂಗಾಲಿನ ಮೇಲಿರುತ್ತದೆ ಅಂತ ನಮಗೆ ಕಲಿಸಿದ್ದರು. ಓಟಕ್ಕೆ ಮುಂಚೆ ಹತ್ತು ನಿಮಿಷ ನಡೆಸಿ. ಗಾಡಿಯಿಂದ ಇಳಿಸಿ ನೇರ ಬಿಡಬೇಡಿ. ಒಂದು ವರ್ಷ ತುಂಬದ ಮರಿ ತಂದರೆ ವಾಪಸ್ ಕಳಿಸಿ, ಮಾಲೀಕ ಎಷ್ಟೇ ಜಗಳ ಆಡಲಿ.

ಸಕಲೇಶಪುರ ತೋಟದ ಮನೆ (ಸೆಪ್ಟೆಂಬರ್ 7, ಸಂಜೆ)

ಆಪರೇಷನ್ ಆಗಿ ಆರು ತಿಂಗಳು ದಾಟಿತು. ಎಡ ತೊಡೆ 31, ಬಲ 32. ಕಳೆದ ವಾರ ಪರೀಕ್ಷೆ ಮಾಡಿಸಿದೆವು, ಹಗ್ಗ ಬಿಡಬಹುದು ಅಂದರು.

ಇವತ್ತು ಮಳೆ ಬಿಟ್ಟಿತ್ತು. ಕಣದ ಹಾಸು ಒಣಗಲಿ ಅಂತ ಮೂರು ಗಂಟೆವರೆಗೆ ಕಾದೆವು. ಮಗ ಹತ್ತು ನಿಮಿಷ ನಡೆಸಿದ. ಆಮೇಲೆ ನಾನು ಆಚೆ ತುದಿಗೆ ಹೋಗಿ ನಿಂತೆ, ಅವನು ಹಗ್ಗ ಬಿಚ್ಚಿದ. ಮಿಂಚು ಓಡಲಿಲ್ಲ. ಬಿಚ್ಚಿದ್ದು ಗೊತ್ತೇ ಆಗದೆ ಅವನ ಕಾಲ ಹತ್ತಿರ ನಿಂತಿದ್ದಳು, ಅಷ್ಟು ತಿಂಗಳ ಅಭ್ಯಾಸ. ನಾನು ಹೆಸರು ಕೂಗಿದೆ. ಕಿವಿ ಎತ್ತಿದಳು. ಮೊದಲು ನಡಿಗೆ, ಆಮೇಲೆ ಕುಕ್ಕುಲೋಟ, ಅರ್ಧ ಕಣ ದಾಟಿದ ಮೇಲೆ ಬೆನ್ನು ಬಿಲ್ಲಿನ ಹಾಗೆ ಬಗ್ಗಿ ಬಿಚ್ಚಿಕೊಂಡಿತು ನೋಡಿ, ನಾಲ್ಕೂ ಕಾಲು ನೆಲ ಬಿಟ್ಟವು. ನನ್ನ ದಾಟಿ ಹೋಗಿ ದೊಡ್ಡ ಸುತ್ತು ತಿರುಗಿ ಬಂದಳು. ಅತ್ತೆ ಜಗುಲಿಯಲ್ಲಿ ನಿಂತು ಅಳುತ್ತಿದ್ದರು.

ಕಣದಿಂದ ಗೇಟಿನವರೆಗಿನ ಗುಂಡಿಗಳಿಗೆಲ್ಲ ಸಿಲ್ವರ್ ಓಕ್ ಗಳುವಿನ ಅಡ್ಡ ಬೇಲಿ ಹಾಕಿಸಿದ್ದೇವೆ.

ಶ್ವಾನದಳ ನಿವೃತ್ತ, ಚಿಕ್ಕಮಗಳೂರು (ಸೆಪ್ಟೆಂಬರ್ 7, ರಾತ್ರಿ)

ಓದಿ ಕಣ್ಣು ತುಂಬಿತು ತಂಗಿ. ಗಡಿಯಾರ ನೋಡಿ ನಿಲ್ಲಿಸಿದಿರಾ?

ಸಕಲೇಶಪುರ ತೋಟದ ಮನೆ (ಸೆಪ್ಟೆಂಬರ್ 7, ರಾತ್ರಿ)

ನಿಲ್ಲಿಸಿದೆವು ಅಣ್ಣ. ಮೂರು ನಿಮಿಷ. ಮಗ ಪುಸ್ತಕದಲ್ಲಿ ಬರೆದಿದ್ದಾನೆ. ನಾಳೆ ಬರೀ ನಡಿಗೆ, ಬೆಳಿಗ್ಗೆ ಹೇಗೆ ಏಳುತ್ತಾಳೆ ನೋಡಿ ಬರೆಯುತ್ತೇನೆ.